ಮೇ ತಿಂಗಳಲ್ಲಿ ನೋಡಿದ ಬೋಟು

ಚಿಕ್ಕಿ ತನ್ನ ಮೊಣಕಾಲಿನ ದುಡ್ಡನ್ನು ಆ ಬ್ಯಾಂಕಿನಲ್ಲಿ ಇಟ್ಟದ್ದು ನಾನು ಕೊಟ್ಟ ‘ಎ’ ದರ್ಜೆ ನೋಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಕತೆ ಕಟ್ಟಿದ ಹಾಗಾಗುತ್ತದೆ.

ಚಿಕ್ಕಿ ಅಂದರೆ ನನ್ನ ಅಮ್ಮನ ತಂಗಿ. ಅಮ್ಮ ತೀರಿಕೊಂಡಾಗ ನಾನು ನಾಲ್ಕನೇ ತರಗತಿ. ಅಲ್ಲಿಂದ ಮುಂದೆ ನನ್ನನ್ನು ಸಾಕಿ ಬಿ.ಕಾಂ. ತನಕ ಓದಿಸಿದವಳು ಇವಳೇ. ಹೊನ್ನಾವರದ ಮೀನುಪೇಟೆಯಲ್ಲಿ ನಲವತ್ತು ವರ್ಷದಿಂದ ಕೂತಿದ್ದಾಳೆ. ಬುಟ್ಟಿ ಹೊತ್ತು, ಕುಕ್ಕರುಗಾಲಿನಲ್ಲಿ ಕೂತು ಎರಡೂ ಮೊಣಕಾಲು ಸವೆದುಹೋಗಿವೆ. ಎರಡನ್ನೂ ಬದಲಿಸಬೇಕು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಚಿಕ್ಕಪ್ಪ ಹೋದ ಮೇಲೆ ಅವನ ದೋಣಿ, ಬಲೆ ಮಾರಿದ್ದಕ್ಕೆ ತನ್ನ ಸಂಪಾದನೆಯನ್ನೂ ಸೇರಿಸಿ, ಅದಕ್ಕೆಂದೇ ಒಂದು ಗಂಟು ಮಾಡಿ ಪೋಸ್ಟ್ ಆಫೀಸಿನಲ್ಲಿ ಇಟ್ಟಿದ್ದಳು. ಆಪರೇಷನ್ನಿಗೆ ಅದು ಸ್ವಲ್ಪ ಸಾಲುತ್ತಿರಲಿಲ್ಲ. ಇನ್ನೆರಡು ವರ್ಷ ಬಡ್ಡಿ ಬೆಳೆಯಲಿ ಎಂದು ಕಾಯುತ್ತಿದ್ದಳು.

ನಾನಿರುವುದು ಕುಮಟಾದಲ್ಲಿ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ, ಪೇಟೆಯಲ್ಲಿ ಅವಳ ಪಕ್ಕ ಅರ್ಧ ಗಂಟೆ ಕೂತು, ಮೀನಿನ ಚೀಲ ಹಿಡಿದು ವಾಪಸು ಬರುವುದು ನನ್ನ ರೂಢಿ. ಗಿರಾಕಿಗಳಿಗೆ ಚಿಕ್ಕಿ ಪ್ರತಿ ಮೀನಿನ ಕಿವಿರು ಎತ್ತಿ ತೋರಿಸುತ್ತಾಳೆ. ಒಳಗೆ ಕೆಂಪಗಿದ್ದರೆ ತಾಜಾ, ಕಂದಿದ್ದರೆ ಐಸಿನಲ್ಲಿ ದಿನ ಕಳೆದದ್ದು. ನನಗೆ ಮಾತ್ರ ಎಂದೂ ತೋರಿಸಿದವಳಲ್ಲ. ನಾನು ಬರುವ ಮೊದಲೇ ಆರಿಸಿ, ಚೀಲಕ್ಕೆ ಹಾಕಿ, ಗಂಟು ಕಟ್ಟಿ ಇಟ್ಟಿರುತ್ತಿದ್ದಳು. ಒಮ್ಮೆ ತಮಾಷೆಗೆ, “ನಂಗೂ ಕಿವಿರು ತೋರ್ಸು ಚಿಕ್ಕಿ,” ಎಂದೆ. “ನೀ ಎಂತ ಗಿರಾಕಿಯಾ?” ಎಂದು ಚೀಲವನ್ನು ನನ್ನ ತೊಡೆಯ ಮೇಲೆ ಎಸೆದಳು.

ನನ್ನ ಕೆಲಸದ ಬಗ್ಗೆ ಹೇಳಬೇಕು. ನಾನು ಲೆಕ್ಕಪರಿಶೋಧಕಿಯಲ್ಲ, ಲೆಕ್ಕಪರಿಶೋಧಕರ ಕಚೇರಿಯಲ್ಲಿ ನೌಕರಿಗಿರುವವಳು. ಈ ವ್ಯತ್ಯಾಸ ಮೀನುಪೇಟೆಗೆ ತಿಳಿಯದು, ನಾನೂ ತಿದ್ದಲು ಹೋಗಿಲ್ಲ. ಸಾಹೇಬರು ಕೆಳಗೆ ಸಹಿ ಹಾಕುತ್ತಾರೆ, ಸಹಿಯ ಮೇಲಿರುವುದನ್ನೆಲ್ಲ ನಾನು ಬರೆಯುತ್ತೇನೆ. ಹದಿನೇಳು ವರ್ಷದಿಂದ ಬರೆಯುತ್ತಿದ್ದೇನೆ. ವರ್ಷಕ್ಕೆ ಹನ್ನೆರಡು ಹದಿಮೂರು ಸಹಕಾರಿ ಸಂಘಗಳ ಲೆಕ್ಕ. ಮೊದಲ ಎರಡು ಮೂರು ವರ್ಷ ತಪ್ಪು ಸಿಕ್ಕಿದರೆ ಎದೆ ಢವಢವ ಅನ್ನುತ್ತಿತ್ತು. ಆಮೇಲೆ ಯಾವಾಗ ನಿಂತಿತೋ ಗೊತ್ತಿಲ್ಲ. ಈಗ ತಪ್ಪು ಸಿಕ್ಕಿದರೆ ಅದಕ್ಕೆ ಯಾವ ಕಾಲಮ್ಮು ಎಂದು ನೋಡುತ್ತೇನೆ, ಅಷ್ಟೇ.

ಚಿಕ್ಕಿ ದುಡ್ಡು ಇಟ್ಟ ಆ ಸಂಘವೂ ಅವುಗಳಲ್ಲಿ ಒಂದು. ಹೆಸರಿಗೆ ಸಹಕಾರಿ ಸಂಘ, ಜನ ಬ್ಯಾಂಕು ಎನ್ನುತ್ತಿದ್ದರು. ಭಟ್ಕಳ, ಹೊನ್ನಾವರ, ಕುಮಟಾ, ಮೂರೂ ಕಡೆ ಶಾಖೆ. ಭಟ್ಕಳ ಶಾಖೆಯ ಗುಮಾಸ್ತ ಗಿರಾಕಿಯ ಹತ್ತಿರ ನವಾಯತಿ, ಪಿಗ್ಮಿ ಸಂಗ್ರಹದವನ ಹತ್ತಿರ ಕೊಂಕಣಿ, ನನ್ನ ಹತ್ತಿರ ಕನ್ನಡ ಆಡುತ್ತ, ಮೂರರಲ್ಲೂ ಒಂದೇ ನಗು ನಗುತ್ತಿದ್ದ. ಕಚೇರಿಗಳು ಚೊಕ್ಕಟ. ನೆಲ ಒರೆಸಿರುತ್ತಿತ್ತು, ಗಡಿಯಾರ ಸರಿಯಾದ ಸಮಯ ತೋರಿಸುತ್ತಿತ್ತು. ಇಂಥದ್ದನ್ನು ನೋಡಿ ನಮ್ಮವರು ಬ್ಯಾಂಕು ಗಟ್ಟಿಯಿದೆ ಎಂದು ತೀರ್ಮಾನ ಮಾಡುತ್ತಾರೆ. ಗಡಿಯಾರಕ್ಕೆ ಒಂದು ಸೆಲ್ ಹಾಕಿದರೆ ಸಾಕು ಎನ್ನುವುದು ಯಾರಿಗೂ ಹೊಳೆಯುವುದಿಲ್ಲ.

ಬ್ಯಾಂಕೊಂದು ಗಟ್ಟಿಯೋ ಟೊಳ್ಳೋ ಎಂದು ತಿಳಿಯಲು ಪುಸ್ತಕಗಳಲ್ಲಿ ಬೇಕಾದಷ್ಟು ಸೂತ್ರಗಳಿವೆ. ಎಲ್ಲವನ್ನೂ ಹಿಂಡಿದರೆ ಉಳಿಯುವುದು ಮೂರು ಪ್ರಶ್ನೆ. ಕೊಟ್ಟ ಸಾಲದಲ್ಲಿ ನಿಜವಾಗಿ ವಾಪಸು ಬರುವುದು ಎಷ್ಟು? ಬರದೇ ಹೋದರೆ ಆ ಪೆಟ್ಟು ತಿನ್ನಲು ಬ್ಯಾಂಕಿನ ಸ್ವಂತ ದುಡ್ಡು ಎಷ್ಟಿದೆ? ನಾಳೆ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬಂದರೆ ಎಷ್ಟು ಜನರಿಗೆ ಕೊಡಲು ಆದೀತು? ಈ ಮೂರಕ್ಕೂ ಅಂಕ ಹಾಕಿ, ಕೂಡಿಸಿ, ‘ಎ’ಯಿಂದ ‘ಡಿ’ವರೆಗೆ ಒಂದು ದರ್ಜೆ ಕೊಡಬೇಕು. ಅದನ್ನು ಅವರು ಬೋರ್ಡಿನ ಮೇಲೆ ಬರೆಸಿ ಬಾಗಿಲಲ್ಲಿ ತೂಗುಹಾಕುತ್ತಾರೆ. ನನ್ನದೇ ಒಂದು ನಾಲ್ಕನೇ ಪ್ರಶ್ನೆಯೂ ಇತ್ತು. ಮನೆಮನೆಗೆ ಹೋಗಿ ದಿನಾ ಪಿಗ್ಮಿ ದುಡ್ಡು ಎತ್ತುವವರು ತಮ್ಮ ಸ್ವಂತ ಉಳಿತಾಯವನ್ನು ಅದೇ ಬ್ಯಾಂಕಿನಲ್ಲಿ ಇಟ್ಟಿದ್ದಾರೋ ಇಲ್ಲವೋ ಎಂದು ನೋಡುವುದು. ಈ ಬ್ಯಾಂಕಿನಲ್ಲಿ ಒಬ್ಬನೂ ಇಟ್ಟಿರಲಿಲ್ಲ. ಆದರೆ ಅದಕ್ಕೆ ಅಂಕ ಹಾಕುವ ಕಾಲಮ್ಮಿಲ್ಲ.

ಬ್ಯಾಂಕಿನ ಸಾಲಗಳಲ್ಲಿ ಮೂರು ಮಾತ್ರ ದೊಡ್ಡವು, ಒಂದೊಂದು ಶಾಖೆಯಲ್ಲಿ ಒಂದೊಂದು. ಮೂರೂ ಟ್ರಾಲರ್ ಬೋಟಿನ ಮೇಲಿನ ಸಾಲ, ಸಾಲಗಾರರು ಬೇರೆ ಬೇರೆ. ವರ್ಷವಿಡೀ ಬಡ್ಡಿ ಬಂದಿರಲಿಲ್ಲ, ಮಾರ್ಚ್ ಕೊನೆಯ ದಿನ ಮೂರರದ್ದೂ ಒಟ್ಟಿಗೆ ಬಂದಿತ್ತು. ಬ್ಯಾಂಕಿನ ಸ್ವಂತ ದುಡ್ಡಿಗಿಂತ ಈ ಮೂರು ಸಾಲದ ಮೊತ್ತವೇ ಹೆಚ್ಚು. ಹಾಗಾಗಿ ಲೆಕ್ಕ ಸುಲಭ. ಮೂರು ಬೋಟು ಇದ್ದರೆ ಬ್ಯಾಂಕು ಇದೆ, ಇಲ್ಲದಿದ್ದರೆ ಇಲ್ಲ.

ಬೋಟು ನೋಡಲು ಹೋದದ್ದು ಮೇ ತಿಂಗಳಲ್ಲಿ. ಬ್ಯಾಂಕಿನ ವ್ಯವಸ್ಥಾಪಕರು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಸೋಮವಾರ ಭಟ್ಕಳದ ಬಂದರು. ಕಟ್ಟೆಗೆ ತಾಗಿ ಬೋಟು ನಿಂತಿತ್ತು, ನಂಬರು ನನ್ನ ಪಟ್ಟಿಯದ್ದೇ. ಚಾಲಕ ನಿಲ್ಲುವ ಕೋಣೆಯ ಒಂದು ಕಿಟಕಿಯ ಗಾಜು ಒಡೆದಿತ್ತು. ಆ ಜಾಗಕ್ಕೆ ಹಳೇ ಟ್ರಂಕಿನ ಮುಚ್ಚಳ ಹೊಡೆದಿದ್ದರು, ಅದರ ಮೇಲೆ ಎರಡು ಗುಲಾಬಿ ಹೂವಿನ ಚಿತ್ರ. ಮದುವೆಯಲ್ಲಿ ಕೊಡುತ್ತಿದ್ದರಲ್ಲ, ಅಂಥ ಟ್ರಂಕು. ಚೆನ್ನಾಗಿದೆ ಅನ್ನಿಸಿತು. ಫೋಟೋ ತೆಗೆದೆ.

ಮಂಗಳವಾರ ಹೊನ್ನಾವರದ ಹೊಳೆಯಾಚೆ ಕಾಸರಕೋಡು. ಬೇರೆ ನಂಬರಿನ ಬೋಟು. ನಂಬರನ್ನು ಮುಟ್ಟಿ ನೋಡಿದರೆ ಬೆರಳಿಗೆ ಹಳದಿ ಬಣ್ಣ ಅಂಟಿತು. “ಮಳೆಗಾಲ ಬಂತಲ್ಲ ಮೇಡಮ್, ಅದಕ್ಕೆ ಮೊದಲು ಬಣ್ಣ ಹೊಡೆಸ್ತಾರೆ,” ಎಂದರು ವ್ಯವಸ್ಥಾಪಕರು. ಬೋಟಿಗೆ ಬಣ್ಣ ಹೊಡೆಯುವುದು ಮಳೆಗಾಲದಲ್ಲಿ, ದಡಕ್ಕೆ ಎಳೆದ ಮೇಲೆ. ಇದು ನಮ್ಮ ಕೇರಿಯ ಅಂಗನವಾಡಿ ಮಕ್ಕಳಿಗೂ ಗೊತ್ತು. ನಾನು ಎಳನೀರು ಕುಡಿದು, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡೆ. ಕಿಟಕಿಯಲ್ಲಿ ಇದ್ದದ್ದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಗುರುವಾರ ಕುಮಟಾ ತಾಲೂಕಿನ ತದಡಿ. ಮೂರನೇ ನಂಬರು, ಮೂರನೇ ಬೋಟು, ಅದೇ ಗುಲಾಬಿ. ಈ ಸಲ ತಲೆಗೆ ಹೋಯಿತು. ನಾನು ಬಹಳ ಹೊತ್ತು ಆ ಹೂಗಳನ್ನು ನೋಡುತ್ತ ನಿಂತೆ. ವ್ಯವಸ್ಥಾಪಕರು ನನ್ನನ್ನೇ ನೋಡುತ್ತಿದ್ದರು. ಭಯವೋ ಸಿಟ್ಟೋ ಬರಬೇಕಿತ್ತು, ಎರಡೂ ಬರಲಿಲ್ಲ. ಬಿಸಿಲು ಜೋರಿತ್ತು, ತಲೆ ನೋಯುತ್ತಿತ್ತು, ನಾಡಿದ್ದು ಇನ್ನೊಂದು ಸಂಘದ ಲೆಕ್ಕ ಶುರುವಾಗಬೇಕಿತ್ತು. ಒಂದೇ ಥರದ ಟ್ರಂಕು ಊರಲ್ಲಿ ಎಷ್ಟಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದನ್ನು ನಂಬಲಿಲ್ಲ, ಆದರೆ ಅಷ್ಟರಲ್ಲಿ ಪೆನ್ನು ಕೈಯಲ್ಲಿತ್ತು. ಮೂರು ಸಾಲಿನ ಎದುರಿಗೂ ‘ಖುದ್ದು ಪರಿಶೀಲಿಸಲಾಗಿದೆ’ ಎಂದು ಬರೆದೆ. ಅಂಕ ಕೂಡಿಸಿದಾಗ ‘ಎ’ ಬಂತು. ಸಾಹೇಬರು ಸಹಿ ಹಾಕಿದರು.

ಲಂಚ ತಿಂದೆಯಾ ಎಂದು ಯಾರಾದರೂ ಕೇಳಿದ್ದರೆ ಒಳ್ಳೆಯದಿತ್ತು, ಇಲ್ಲ ಎಂದು ಗಟ್ಟಿಯಾಗಿ ಹೇಳಬಹುದಿತ್ತು. ಎರಡು ಎಳನೀರು ಬಿಟ್ಟರೆ ನಾನೇನೂ ತಿಂದಿಲ್ಲ. ಸುಮ್ಮನೆ ಬರೆದೆ. ಮನಸ್ಸು ಮರಗಟ್ಟಿದವರು ಮಾಡುವ ತಪ್ಪಿಗೆ ಕಾರಣ ಹುಡುಕಿದರೆ ಸಿಗುವುದಿಲ್ಲ.

ದಸರೆ ಕಳೆದು ಒಂದು ಭಾನುವಾರ ಚಿಕ್ಕಿ ಚೀಲ ಕೊಡುತ್ತ, “ಪೋಸ್ಟಾಫೀಸಿಂದ ತೆಗ್ದೆ ಮಾರಾಯ್ತಿ,” ಎಂದಳು. ಅಲ್ಲಿಗಿಂತ ಬಡ್ಡಿ ಹೆಚ್ಚು, ಎರಡು ವರ್ಷದ ಬದಲು ಒಂದೂವರೆ ವರ್ಷಕ್ಕೇ ಆಪರೇಷನ್ನಿನಷ್ಟು ಆಗುತ್ತದೆ ಎಂದು ಆ ಬ್ಯಾಂಕಿನ ಹೆಸರು ಹೇಳಿದಳು.

“ಬಾಗ್ಲಲ್ಲಿ ಬೋರ್ಡು ಹಾಕಿದ್ರಲ್ಲೆ, ‘ಎ’ ಅಂತ. ನೀ ಕೊಟ್ಟಿದ್ದೇ ಅಲ್ದಾ?”

“ಹೌದು.”

“ಕಿವಿರು ಎತ್ತಿ ನೋಡಿದ್ಯಲ್ಲ? ಗಟ್ಟಿ ಇತ್ತಲ್ಲ?”

ಆಗ ಹೇಳಬಹುದಿತ್ತು. ನಾಳೆಯೇ ಹೋಗಿ ತೆಗೆ ಎಂದರೆ ಕಾರಣ ಕೇಳುತ್ತಿದ್ದಳು. ಕಾರಣ ಹೇಳಿದರೆ ನಾನು ಮಾಡಿದ್ದನ್ನು ಹೇಳಬೇಕಾಗುತ್ತಿತ್ತು. “ಗಟ್ಟಿ ಇದೆ ಚಿಕ್ಕಿ,” ಎಂದೆ. ಅವಳು ಪಕ್ಕದವಳ ಕಡೆ ತಿರುಗಿ, ಕೇಳಿದ್ಯಾ ಎನ್ನುವ ಹಾಗೆ ಕತ್ತು ಕುಣಿಸಿದಳು. ನಾನು ಬಸ್ಸು ಹತ್ತಿ ಕುಮಟಾಕ್ಕೆ ಬಂದು, ಆ ದಿನದ ಮೀನನ್ನು ಸಾರು ಮಾಡಿ ಉಂಡೆ. ರುಚಿ ನೆನಪಿಲ್ಲ.

ಮರುವರ್ಷ ಮತ್ತೆ ಮೇ ತಿಂಗಳು ಬಂತು. ವ್ಯವಸ್ಥಾಪಕರು ಫೋನು ಮಾಡಿ ಬೋಟುಗಳು ಸೋಮವಾರದಿಂದ ಒಂದೊಂದಾಗಿ ಬರುತ್ತವೆ, ನೀವೂ ಬನ್ನಿ ಎಂದಿದ್ದರು. ಹಿಂದಿನ ದಿನ ಭಾನುವಾರ, ಚಿಕ್ಕಿಯ ಪಕ್ಕ ಕೂತಿದ್ದೆ. ಮಾತಿಗೆ ಮಾತು ಬಂದು, ನಾಳೆ ಸಾಲದ ಬೋಟು ನೋಡಲು ಹೋಗಬೇಕು ಎಂದೆ. ಚಿಕ್ಕಿ ಕೈಯಲ್ಲಿದ್ದ ಬಂಗಡೆ ಬಿಟ್ಟು ನಕ್ಕಳು.

“ಮೇ ತಿಂಗ್ಳಲ್ಲಿ ಬೋಟು ನೋಡುದಾ? ನೀರ ಮೇಲೆ ಓಡ್ತಾ ಇರೋದು ಇವತ್ತು ಇಲ್ಲಿ, ನಾಳೆ ಭಟ್ಕಳ. ಯಾರದ್ದು ಅಂತ ಎಂತ ಗೊತ್ತಾತದೆ? ಜೂನಿಗೆ ಹೋಗೆ. ಬಂದ್ ಆದ್ಮೇಲೆ ಎಲ್ಲ ದಡಕ್ಕೆ ಎಳೀತ್ರು. ಅವರವರದ್ದು ಅವರವರ ಬಂದ್ರಲ್ಲೇ ಇರ್ತದೆ. ಆವಾಗ ಎಣ್ಸು, ಆತು.”

ಮೀನುಗಾರಿಕೆಗೆ ಜೂನ್, ಜುಲೈ ಎರಡು ತಿಂಗಳು ನಿಷೇಧ, ಯಾವ ಟ್ರಾಲರ್ ಬೋಟೂ ಕಡಲಿಗೆ ಇಳಿಯುವ ಹಾಗಿಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ, ಅದೇ ಕೇರಿಯಲ್ಲಿ ಬೆಳೆದವಳು. ಹದಿನೇಳು ವರ್ಷ ಕಾಗದ ನೋಡಿ ನೋಡಿ ಕಡಲು ನೋಡುವುದನ್ನು ಬಿಟ್ಟಿದ್ದೆ. ಅವಳು ಮತ್ತೆ ಬಂಗಡೆ ಕೈಗೆತ್ತಿಕೊಂಡಳು. ತನ್ನ ಮೊಣಕಾಲಿನ ದುಡ್ಡಿಗೆ ಕುತ್ತು ತರುವ ಮಾತನ್ನು ತಾನೇ ಹೇಳಿಕೊಟ್ಟದ್ದು ಅವಳಿಗೆ ಗೊತ್ತಿರಲಿಲ್ಲ.

ನನಗೆ ಈ ಮೇ ತಿಂಗಳಲ್ಲಿ ಪುರುಸೊತ್ತಿಲ್ಲ ಎಂದು ವ್ಯವಸ್ಥಾಪಕರಿಗೆ ಹೇಳಿದೆ. ಅವರು ಮೂರು ಸಲ ಫೋನು ಮಾಡಿದರು. ಜೂನ್ ಎರಡನೇ ವಾರ, ಯಾರಿಗೂ ತಿಳಿಸದೆ, ಕೊಡೆ ಹಿಡಿದು ಬಸ್ಸಿನಲ್ಲೇ ಹೊರಟೆ. ಭಟ್ಕಳದಲ್ಲಿ ದಡಕ್ಕೆ ಎಳೆದ ಬೋಟುಗಳ ನಡುವೆ ಒಂದೂ ಬಿಡದೆ ನಡೆದೆ. ನನ್ನ ಪಟ್ಟಿಯ ನಂಬರಿರಲಿಲ್ಲ. ತದಡಿಯಲ್ಲೂ ಇರಲಿಲ್ಲ. ಕಾಸರಕೋಡಿನಲ್ಲಿ, ಸಾಲಿನ ತುದಿಯಲ್ಲಿ, ತಾಡಪಾಲು ಹೊದ್ದುಕೊಂಡು ಗುಲಾಬಿ ಹೂವಿನ ಬೋಟು ಕೂತಿತ್ತು. ಒಬ್ಬಾತ ಅದರ ಹಳೇ ಬಣ್ಣ ಕೆರೆಯುತ್ತಿದ್ದ. ಹಳದಿ ನಂಬರಿನ ಕೆಳಗೆ ಇನ್ನೊಂದು ನಂಬರು ಇಣುಕುತ್ತಿತ್ತು, ಅದರ ಕೆಳಗೆ ಮತ್ತೊಂದು. “ಈ ಬೋಟಿಗೆ ಬಣ್ಣದ ಖರ್ಚು ಜಾಸ್ತಿ ಅಕ್ಕಾ,” ಎಂದ ಅವನು, ಕೆರೆಯುವುದನ್ನು ನಿಲ್ಲಿಸದೆ.

ವರದಿಯ ಕರಡು ಓದಿದ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೋದ ವರ್ಷ ನೀವೇ ನೋಡಿದ್ದಲ್ವಾ?” ಎಂದರು.

“ಹೌದು ಸರ್. ಆವಾಗಲೂ ಒಂದೇ ಇತ್ತು.”

ಇದನ್ನು ಬರೆದರೆ ಹೋದ ವರ್ಷದ ನಮ್ಮ ಸಹಿಯೂ ಪ್ರಶ್ನೆಯಾಗುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ, “ಬರೀರಿ. ಸೋಮವಾರ ಕಳಿಸುವ,” ಎಂದರು. ‘ಡಿ’ ಎಂದು ಬರೆದೆ. ನೆಮ್ಮದಿಯಾಗಬಹುದು ಅಂದುಕೊಂಡಿದ್ದೆ, ಆಗಲಿಲ್ಲ.

ವರದಿ ಸಹಕಾರ ಇಲಾಖೆಗೆ ಹೋಗುವ ಮೊದಲಿನ ಭಾನುವಾರ ಚಿಕ್ಕಿಯ ಮನೆಗೆ ಹೋದೆ. ಹೇಳಬಾರದ್ದನ್ನು ಹೇಳಿದೆ. ನಾಳೆ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲು, ಬಡ್ಡಿ ಹೋದರೆ ಹೋಗಲಿ, ಠೇವಣಿ ಮುರಿಸು, ಯಾರಿಗೂ ಬಾಯಿ ಬಿಡಬೇಡ. ಚಿಕ್ಕಿ ಒಣಮೀನು ಆರಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು.

“ಉಳ್ದೋರು?”

“ಯಾರು?”

“ಪೇಟೇಲಿ ನಂಜೊತೆ ಕೂತ್ಕಳೋರು. ಹನ್ನೊಂದು ಜನ ಇಟ್ಟಿದ್ರಲ್ಲೆ. ನಾನೇ ಇಡ್ಸಿದ್ದು, ನಿನ್ನ ಹೆಸ್ರು ಹೇಳಿ.”

ನನಗೆ ಅದು ಗೊತ್ತಿರಲಿಲ್ಲ. ಅವರಿಗೆಲ್ಲ ಹೇಳಿದರೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ, ನಿನಗೇ ಸಿಗುವುದಿಲ್ಲ ಎಂದೆ. ಅವಳು ಗೋಡೆ ಹಿಡಿದು ಎದ್ದಳು. ಎದ್ದು ನಿಲ್ಲಲು ಅವಳಿಗೆ ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಯಿತು. ಚಪ್ಪಲಿ ಮೆಟ್ಟಿ, ಪಕ್ಕದ ಮನೆಯ ಕಡೆ ಹೋದಳು.

ಸೋಮವಾರ ನಾನು ರಜೆ ಹಾಕಿ ಹೊನ್ನಾವರದಲ್ಲಿದ್ದೆ. ಬ್ಯಾಂಕಿನ ಎದುರು, ರಸ್ತೆಯ ಈಚೆ, ಜೆರಾಕ್ಸ್ ಅಂಗಡಿಯ ಸೂರಿನ ಕೆಳಗೆ ನಿಂತಿದ್ದೆ. ಮೀನುಪೇಟೆಯ ಹನ್ನೊಂದು ಹೆಂಗಸರು ಸಾಲಾಗಿ ನಿಂತಿದ್ದರು. ಅವರ ಹಿಂದೆ, ಎಲ್ಲರ ಕೊನೆಗೆ, ಚಿಕ್ಕಿ. ಶಾಖೆಯಲ್ಲಿ ಎಷ್ಟು ನಗದು ಇರುತ್ತದೆ ಎಂದು ನನಗೆ ಗೊತ್ತು, ವರದಿಯಲ್ಲಿ ಬರೆದವಳೇ ನಾನು. ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬಂದರೆ ಎಷ್ಟು ಜನರಿಗೆ ಸಿಗುತ್ತದೆ ಎನ್ನುವ ಮೂರನೇ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲಿ ಎಲ್ಲಿಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆ. ಏಳು, ಹೆಚ್ಚೆಂದರೆ ಎಂಟು. ಅಷ್ಟರಲ್ಲಿ ಸುದ್ದಿ ಹಬ್ಬಿ ಚಿಕ್ಕಿಯ ಹಿಂದೆಯೂ ಜನ ಸೇರತೊಡಗಿದರು. ರಸ್ತೆ ದಾಟಿ ಹೋಗಿ ಅವಳ ಕೈ ಹಿಡಿದು ಮುಂದೆ ಎಳೆಯಬೇಕು ಅಂದುಕೊಂಡೆ. ಹೋಗಲಿಲ್ಲ. ಅವಳು ಬರುತ್ತಲೂ ಇರಲಿಲ್ಲ.

ನನ್ನ ಲೆಕ್ಕ ಒಂದರಿಂದ ತಪ್ಪಿತು. ಒಂಬತ್ತು ಜನರಿಗೆ ಸಿಕ್ಕಿತು. ಹನ್ನೊಂದೂವರೆಗೆ ಗುಮಾಸ್ತ ಹೊರಗೆ ಬಂದು ದುಡ್ಡು ತರಿಸುತ್ತಿದ್ದೇವೆ, ನಾಳೆ ಬನ್ನಿ ಎಂದು ಕೈಮುಗಿದು ಶಟರು ಎಳೆದ. ನಾಳೆ ಎನ್ನುವುದು ಬರಲಿಲ್ಲ. ಆಮೇಲೆ ಇಲಾಖೆಯವರು, ಪೊಲೀಸರು, ಬಾಗಿಲಿಗೆ ಅಂಟಿಸಿದ ನೋಟೀಸು. ವ್ಯವಸ್ಥಾಪಕರ ಮನೆಗೆ ಬೀಗ. ಆಡಳಿತಾಧಿಕಾರಿ ಬಂದಿದ್ದಾರೆ, ಆಸ್ತಿ ಮಾರಿ ಕೊಡುತ್ತಾರಂತೆ. ಮಾರಲು ಇರುವ ಆಸ್ತಿ ಎಷ್ಟು ಎನ್ನುವುದು ನನಗೆ ಗೊತ್ತು. ಸಾಹೇಬರಿಗೂ ನನಗೂ ವಿಚಾರಣೆಯ ಕಾಗದ ಬಂದಿದೆ. ಇನ್ನೊಂದು ಮಾತು. ನಾನು ಚಿಕ್ಕಿಗೆ ಹೇಳಿದ್ದರಿಂದ ಆ ಒಂಬತ್ತು ಜನರಿಗೆ ಸಿಕ್ಕಿತು, ಅಷ್ಟು ದುಡ್ಡು ಇನ್ಯಾರಿಗೋ ಇಲ್ಲವಾಯಿತು. ಅವರ ಮುಖ ನಾನು ನೋಡಿಲ್ಲ, ಹಾಗಾಗಿ ನಿದ್ದೆ ಬರುತ್ತದೆ.

ಅವತ್ತು ಶಟರು ಎಳೆದ ಮೇಲೆ ಚಿಕ್ಕಿ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತಳು. ನಾನು ಹೋಗಿ ಪಕ್ಕ ಕೂತೆ. ‘ಎ’ ಎಂದು ಬರೆದ ಬೋರ್ಡು ಅಲ್ಲೇ ತಲೆಯ ಮೇಲಿತ್ತು. ಅವಳು ಠೇವಣಿ ರಸೀದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೇಳಿದಳು.

“ಹೋದ್ವರ್ಷ ನಿಂಗೆ ಕಂಡಿರ್ಲಿಲ್ವಾ?”

ಇಲ್ಲ ಎಂದು ಹೇಳಿದ್ದರೆ ಅವಳು ನಂಬುತ್ತಿದ್ದಳು. ಅದು ನನಗೆ ಗೊತ್ತಿತ್ತು, ಅದಕ್ಕೇ ಹೇಳಲು ಆಗಲಿಲ್ಲ.

“ಕಂಡಿತ್ತು ಚಿಕ್ಕಿ.”

ಅವಳು ಸೀರೆಯನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡು, “ಆತು,” ಎಂದಳು. “ಬಸ್ಸು ಬಂತು. ಹೋಗು.”

ಆಗಸ್ಟಿನಲ್ಲಿ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದವು, ಪೇಟೆಗೆ ಮೀನು ಬಂತು. ಮೊದಲ ಭಾನುವಾರ ಹೋಗಲೋ ಬೇಡವೋ ಎಂದು ಯೋಚಿಸಿ ಹೋದೆ. ಚಿಕ್ಕಿ ಅದೇ ಜಾಗದಲ್ಲಿ ಕೂತಿದ್ದಳು, ಮೊಣಕಾಲಿಗೆ ಎರಡು ಕಡೆಯೂ ಪಟ್ಟಿ ಸುತ್ತಿತ್ತು. ಬಾ ಎಂದಳು, ಪಕ್ಕದಲ್ಲಿ ಜಾಗ ಮಾಡಿದಳು, ಚಹಾ ತರಿಸಿದಳು. ಕುಮಟಾದಲ್ಲಿ ಮಳೆ ಹೇಗಿದೆ ಎಂದು ಕೇಳಿದಳು. ಎಲ್ಲ ಮೊದಲಿನ ಹಾಗೇ ಇದೆ ಅನ್ನಿಸಿತು.

ನಾನು ಏಳುವ ಹೊತ್ತಿಗೆ ಎಲ್ಲೂ ಗಂಟು ಕಟ್ಟಿದ ಚೀಲ ಇರಲಿಲ್ಲ. ಅವಳು ಬುಟ್ಟಿಯಿಂದ ಒಂದು ಬಂಗಡೆ ತೆಗೆದು, ಹೆಬ್ಬೆರಳಿನಿಂದ ಕಿವಿರು ಎತ್ತಿ, ನನ್ನ ಮುಖದ ಎದುರು ಹಿಡಿದಳು. ಕೆಂಪಗಿತ್ತು. ನಾನು ತಲೆಯಾಡಿಸುವವರೆಗೂ ಹಾಗೇ ಹಿಡಿದಿದ್ದು, ಆಮೇಲೆ ಚೀಲಕ್ಕೆ ಹಾಕಿದಳು. ಎರಡನೆಯದು ತೆಗೆದಳು, ಅದರದ್ದೂ ಎತ್ತಿ ತೋರಿಸಿದಳು. ಈಗ ಪ್ರತಿ ಭಾನುವಾರ ಹೀಗೇ. ಒಂದೊಂದನ್ನೂ ತೋರಿಸುತ್ತಾಳೆ, ನಾನು ಒಂದೊಂದನ್ನೂ ನೋಡಿ, ಚೀಲ ಹಿಡಿದು ಬಸ್ಸಿಗೆ ಹೋಗುತ್ತೇನೆ.